ಬೆಟ್ಟದ ಬೆಂಕಿ, ಕೊಡದ ನೀರು

ಸೆಪ್ಟೆಂಬರ್ ತಿಂಗಳಲ್ಲಿ ಸಂಡೂರನ್ನು ನೋಡಬೇಕು ಎಂಬ ಮಾತು ನಮ್ಮ ಸೀಮೆಯಲ್ಲಿ ಜನಜನಿತವಾಗಿದೆ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರ ಹೆಸರಿನೊಡನೆ ಆ ಮಾತು ಸೇರಿಕೊಂಡಿದೆ. ಮಳೆಯಲ್ಲಿ ಮಿಂದ ಸ್ವಾಮಿಮಲೆ, ಮಂಜು ಕವಿದ ರಾಮನದುರ್ಗ, ತುಂಬಿ ಹರಿಯುವ ನಾರಿಹಳ್ಳ, ಇವನ್ನು ಕಂಡವರಿಗೆ ಆ ಮಾತಿನಲ್ಲಿ ಅತಿಶಯೋಕ್ತಿ ತೋರದು. ಆದರೆ ಬೆಟ್ಟದ ಕಷ್ಟಸುಖವನ್ನು ಅರಿಯಬೇಕಾದವರು ಮಾರ್ಚ್ ತಿಂಗಳಲ್ಲಿಯೂ ಒಮ್ಮೆ ಅತ್ತ ಕಣ್ಣು ಹಾಯಿಸಬೇಕು. ಆಳೆತ್ತರ ಬೆಳೆದು ಒಣಗಿದ ಹುಲ್ಲು, ಎಲೆ ಉದುರಿಸಿ ನಿಂತ ಮರಗಳು, ರಾತ್ರಿಯಾದರೆ ಬೆಟ್ಟದ ನೆತ್ತಿಯಲ್ಲಿ ಮಾಲೆಯಂತೆ ಹರಿಯುವ ಬೆಂಕಿಯ ಗೆರೆ. ಹೊಸಪೇಟೆ, ಸಂಡೂರು ರಸ್ತೆಯಲ್ಲಿ ಓಡಾಡುವವರಿಗೆ ಇದು ಹೊಸ ನೋಟವಲ್ಲ. ಎರಡು ದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಬೆಂಕಿ ಆರುತ್ತದೆ, ಸುದ್ದಿಯೂ ಆರುತ್ತದೆ.

ಸುದ್ದಿ ಆರಿದ ಮೇಲೆ ಉಳಿಯುವ ಬೂದಿ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಮೂರು ರಾಜ್ಯಗಳ ಕಣ್ಣು ಹೊಸಪೇಟೆಯ ಮೇಲೆ ನೆಟ್ಟಿತ್ತು. ಎಷ್ಟು ಟಿಎಂಸಿ ನೀರು ಹರಿದುಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಮನೆಮನೆಯ ಮಾತಾಯಿತು. ಅದು ಆಗಬೇಕಾದದ್ದೇ. ಆದರೆ ಉಳಿದ ನೀರು ಎಂಥದು ಎಂದು ನಾವು ಅಷ್ಟೇ ಕಾಳಜಿಯಿಂದ ಕೇಳುವುದಿಲ್ಲ. ಕಾಡಿನ ಬೆಂಕಿಯನ್ನು ಅರಣ್ಯ ಇಲಾಖೆಯ ತಲೆನೋವೆಂದೂ ನೀರಿನ ರಾಡಿಯನ್ನು ನಗರಸಭೆಯ ತಲೆನೋವೆಂದೂ ಬೇರೆ ಬೇರೆ ಗಂಟು ಕಟ್ಟಿ ಇಟ್ಟಿದ್ದೇವೆ. ಇವೆರಡೂ ಒಂದೇ ಗಂಟು ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಕಾಡ್ಗಿಚ್ಚು ತಡೆಯುವ ಖರ್ಚನ್ನು ಕುಡಿಯುವ ನೀರಿನ ಖರ್ಚಿನಲ್ಲಿಯೇ ಲೆಕ್ಕ ಹಿಡಿಯಬೇಕು.

ಈ ನೆಲದ ನೀರಿನ ದಾರಿಯನ್ನು ಮೊದಲು ನೋಡೋಣ. ಸುಮಾರು ಸಾವಿರ ಮೀಟರ್ ಎತ್ತರಕ್ಕೇಳುವ ಸಂಡೂರಿನ ಬೆಟ್ಟಸಾಲುಗಳು ಸುತ್ತಲಿನ ಬಯಲಿಗಿಂತ ಹೆಚ್ಚು ಮಳೆಯನ್ನು ಹಿಡಿಯುತ್ತವೆ. ಎರಡು ಸಾಲುಗಳ ನಡುವಣ ಕಣಿವೆಯ ನೀರೆಲ್ಲ ನಾರಿಹಳ್ಳಕ್ಕೆ ಇಳಿಯುತ್ತದೆ. ತಾರಾನಗರದ ಬಳಿ ಅದಕ್ಕೆ ಕಟ್ಟಿದ ಜಲಾಶಯ ಸಂಡೂರು ಸೀಮೆಗೆ ನೀರುಣಿಸುತ್ತದೆ. ಭೀಮಗಂಡಿಯ ಕಣಿವೆಬಾಯಿಯನ್ನು ದಾಟಿದ ಹಳ್ಳ ಮುಂದೆ ದರೋಜಿಯ ದೊಡ್ಡ ಕೆರೆಯನ್ನು ತುಂಬುತ್ತದೆ. ಬೆಟ್ಟಗಳ ಪಶ್ಚಿಮದ ಮೈಯ ತೊರೆಗಳು ತುಂಗಭದ್ರಾ ಜಲಾಶಯದ ಕಡೆಗೆ ಇಳಿಯುತ್ತವೆ. ಹಂಪಿ, ಕಮಲಾಪುರ, ಬುಕ್ಕಸಾಗರದ ಬಂಡೆಗುಡ್ಡಗಳ ನೀರು ಕೆರೆಗಳಿಗೂ ಹೊಳೆಗೂ ಸೇರುತ್ತದೆ. ಅದೇ ಹೊಳೆಯ ದಂಡೆಯಲ್ಲಿ ಕಂಪ್ಲಿ ಇದೆ. ವಿಜಯನಗರದ ಅರಸರು ತೋಡಿಸಿದ ತುರ್ತಾ ಕಾಲುವೆ, ಬಸವಣ್ಣ ಕಾಲುವೆ ಮುಂತಾದವು ಇಂದಿಗೂ ಹರಿಯುತ್ತಿರುವ ಈ ಸೀಮೆಯಲ್ಲಿ ಬೆಟ್ಟ, ಕೆರೆ, ಕಾಲುವೆ, ಗದ್ದೆ ಎಂಬವು ಒಂದೇ ದೇಹದ ಅಂಗಗಳು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿ ಆ ಕಡೆಗೂ ಸಂಡೂರು, ಕಂಪ್ಲಿ ಬಳ್ಳಾರಿಯ ಕಡೆಗೂ ಹಂಚಿಹೋದವು. ಆಡಳಿತದ ಗೆರೆ ಹಳ್ಳಕ್ಕೆ ತಿಳಿಯುವುದಿಲ್ಲ, ಬೆಂಕಿಗಂತೂ ತಿಳಿಯುವುದೇ ಇಲ್ಲ.

ಕಾಡಿನ ನೆಲದ ಮೇಲೆ ಬಿದ್ದಿರುವ ತರಗೆಲೆ, ಒಣಹುಲ್ಲು, ಕೊಳೆತ ಕಡ್ಡಿ ಇವನ್ನು ನಾವು ಕಸವೆಂದು ತಿಳಿಯುತ್ತೇವೆ. ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿಯದಂತೆ ತಡೆಯುವ ಹೊದಿಕೆ ಅದು. ಹನಿಯ ರಭಸ ಅಲ್ಲಿ ಮುರಿಯುತ್ತದೆ, ನೀರು ನಿಧಾನವಾಗಿ ಇಂಗುತ್ತದೆ, ಹಳ್ಳಕ್ಕೆ ಬರುವ ಹೊತ್ತಿಗೆ ಸೋಸಿ ಬಂದಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೆಂಕಿ ಈ ಹೊದಿಕೆಯನ್ನು ಸುಟ್ಟುಹಾಕುತ್ತದೆ. ಅದರ ಬೆನ್ನಿಗೇ ಭರಣಿ, ಕೃತ್ತಿಕೆಯ ಗುಡುಗು ಮಳೆಗಳು ಬರುತ್ತವೆ. ಮುಂಗಾರಿನಂತೆ ಇವು ಸೋನೆ ಹಿಡಿಯುವುದಿಲ್ಲ, ಅರ್ಧ ಗಂಟೆಯಲ್ಲಿ ಹಳ್ಳ ಹರಿಯುವಂತೆ ಸುರಿದುಹೋಗುತ್ತವೆ. ಹುಲ್ಲು ಮತ್ತೆ ಚಿಗುರಿ ನೆಲ ಹಿಡಿಯುವ ಮೊದಲೇ, ವರ್ಷದ ಅತ್ಯಂತ ರಭಸದ ಮಳೆ ಅತ್ಯಂತ ಬೋಳಾದ ನೆಲದ ಮೇಲೆ ಬೀಳುತ್ತದೆ. ನಮ್ಮ ಸೀಮೆಯ ಕಾಡ್ಗಿಚ್ಚಿನ ಮುಖ್ಯ ಹಾನಿ ಈ ಕಾಲಯೋಗದಲ್ಲಿದೆ.

ಆಗ ಹಳ್ಳಕ್ಕೆ ಬರುವುದು ಬರಿಯ ಕೆಂಪು ನೀರಲ್ಲ. ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಕ್ಷಾರಗಳಿರುತ್ತವೆ, ರಂಜಕವಿರುತ್ತದೆ. ಭಸ್ಮಕ್ಕೆ ನಮ್ಮಲ್ಲಿ ಪೂಜ್ಯಸ್ಥಾನವಿದೆ, ಅದು ಹಣೆಯ ಮೇಲಿನ ಮಾತು. ಕುಡಿಯುವ ನೀರಿನ ಕೆರೆಯಲ್ಲಿ ಅದು ಪಾಚಿಗೆ ಹಾಕಿದ ಗೊಬ್ಬರ. ಕೆಲವು ವರ್ಷಗಳಿಂದ ತುಂಗಭದ್ರಾ ಜಲಾಶಯದ ಹಿನ್ನೀರು ಹಸಿರು ಬಣ್ಣಕ್ಕೆ ತಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೆ ಮುಖ್ಯ ಕಾರಣ ಮೇಲ್ಭಾಗದ ಹೊಲಗಳ ರಸಗೊಬ್ಬರವೂ ಊರುಗಳ ಕೊಳಚೆಯೂ ಹೌದು. ಬೂದಿ ಕೂಡಿದರೆ ಆ ಹೊರೆ ಕಡಿಮೆಯಾಗುವುದಿಲ್ಲ.

ಎರಡನೆಯದು ರಾಡಿ. ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ಕುಡಿಯುವ ನೀರಿನ ಕದಡಿಕೆ ಒಂದು ಎನ್‌ಟಿಯು ಅಳತೆಯೊಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ ಐದರವರೆಗೆ ಸಹಿಸಬಹುದು. ಸುಟ್ಟ ಬೆಟ್ಟದಿಂದ ಮೊದಲ ಮಳೆಗೆ ಬರುವ ನೀರು ಈ ಮಿತಿಯನ್ನು ನೂರಾರು ಪಟ್ಟು ಮೀರಬಲ್ಲದು. ಶುದ್ಧೀಕರಣ ಘಟಕದಲ್ಲಿ ಪಟಿಕದ ಪ್ರಮಾಣ ಹೆಚ್ಚಬೇಕು, ಮರಳಿನ ಸೋಸುಗಳು ಬೇಗ ಕಟ್ಟಿಕೊಳ್ಳುತ್ತವೆ, ರಾಡಿಯ ಕಣಗಳ ಮರೆಯಲ್ಲಿ ಅಡಗಿದ ರೋಗಾಣುಗಳಿಗೆ ಕ್ಲೋರಿನ್ ತಲುಪುವುದಿಲ್ಲ. ಹಾಗೆಂದು ಕ್ಲೋರಿನ್ ಹೆಚ್ಚಿಸಿದರೆ, ಸುಟ್ಟ ಎಲೆಯ ರಸದೊಡನೆ ಅದು ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕರ ಸಂಯುಕ್ತಗಳು ಹುಟ್ಟುತ್ತವೆ. ಹೀಗೆ ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ.

ಮೂರನೆಯದು ಸಂಡೂರಿಗೇ ವಿಶಿಷ್ಟವಾದದ್ದು. ಈ ಬೆಟ್ಟಗಳ ಮಣ್ಣಿನಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಇವೆ. ನಾಡಿಗೆಲ್ಲ ಅದಿರು ಕೊಟ್ಟ ಭಾಗ್ಯ ಅದು. ಮಣ್ಣು ಕೊಚ್ಚಿಬಂದರೆ ಇವೂ ಬರುತ್ತವೆ. ಜಲಾಶಯದ ತಳದಲ್ಲಿ ಸುಟ್ಟ ಜೀವದ್ರವ್ಯ ಕೊಳೆತು ಆಮ್ಲಜನಕ ಇಲ್ಲವಾದಾಗ ಹೂಳಿನಲ್ಲಿರುವ ಮ್ಯಾಂಗನೀಸ್ ಕರಗಿ ನೀರಿಗೆ ಬೆರೆಯುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ಸ್ವೀಕಾರಾರ್ಹ, 0.3 ಕೊನೆಯ ಮಿತಿ ಎಂದು ಮಾನಕ ಹೇಳುತ್ತದೆ. ಬಿಂದಿಗೆಯ ಒಳಮೈಯಲ್ಲಿ ಕಪ್ಪು ಲೇಪ, ಬಿಳಿ ಬಟ್ಟೆಯ ಮೇಲೆ ಕಂದು ಕಲೆ, ನೀರಿಗೆ ಲೋಹದ ಒಗರು, ಇವು ಅದರ ಲಕ್ಷಣಗಳು. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಮಕ್ಕಳ ಬುದ್ಧಿಬೆಳವಣಿಗೆಗೆ ತೊಂದರೆಯಾದೀತೆಂದು ವೈದ್ಯವಿಜ್ಞಾನ ಎಚ್ಚರಿಸುತ್ತದೆ. ಗಣಿಯ ತ್ಯಾಜ್ಯರಾಶಿಗಳ ಮೇಲೆ ಕಷ್ಟಪಟ್ಟು ಬೆಳೆಸಿದ ಹುಲ್ಲು, ಗಿಡಗಳಿಗೆ ಬೆಂಕಿ ಬಿದ್ದಾಗಲಂತೂ ಸಡಿಲ ಮಣ್ಣನ್ನು ಹಿಡಿದಿದ್ದ ಬೇರಿನ ಕೈ ಬಿಟ್ಟುಹೋಗುತ್ತದೆ. ಹತ್ತು ವರ್ಷದ ನೆಡುತೋಪಿನ ಶ್ರಮ ಒಂದು ಮಧ್ಯಾಹ್ನದಲ್ಲಿ ವ್ಯರ್ಥ.

ಇಲ್ಲಿ ಅಳತೆ ಮೀರಿ ಮಾತನಾಡಬಾರದು. ನಮ್ಮದು ಎಲೆಯುದುರುವ ಕುರುಚಲು ಕಾಡು. ಇಲ್ಲಿನ ಬೆಂಕಿ ನೆಲದ ಮೇಲೆ ಹರಿಯುವ ಹುಲ್ಲುಬೆಂಕಿಯೇ ಹೊರತು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮರದ ತುದಿಯಿಂದ ತುದಿಗೆ ಹಾರುವ ಮಹಾಜ್ವಾಲೆಯಲ್ಲ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿರುವುದಕ್ಕೆ ಸಂಡೂರಿನ ಬೆಂಕಿಯೇ ಕಾರಣವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಮಲೆನಾಡಿನಿಂದ ಬಯಲುಸೀಮೆಯವರೆಗೆ ಹರಡಿದ ವಿಶಾಲ ಜಲಾನಯನದ ಹೂಳು ಅದು. ಅದರಲ್ಲಿ ಉಳುಮೆಯ ಪಾಲಿದೆ, ಗಣಿಗಾರಿಕೆಯ ಪಾಲಿದೆ. ಆದರೆ ದೊಡ್ಡ ಜಲಾಶಯ ಅರಗಿಸಿಕೊಳ್ಳುವ ಬೂದಿಯನ್ನು ಚಿಕ್ಕದು ಅರಗಿಸಿಕೊಳ್ಳಲಾರದು. ನಾರಿಹಳ್ಳದಂಥ ಜಲಾಶಯ, ದರೋಜಿ, ಕಮಲಾಪುರದ ಕೆರೆಗಳು, ಗುಡ್ಡದಂಚಿನ ಗ್ರಾಮಗಳ ಚೆಕ್ ಡ್ಯಾಂ, ತೆರೆದ ಬಾವಿಗಳು ಈ ಸಾಲಿಗೆ ಸೇರುತ್ತವೆ. ಬೆಂಕಿಯ ಸಂಕಟ ಮೊದಲು ತಟ್ಟುವುದು ಶುದ್ಧೀಕರಣ ಘಟಕವಿರುವ ನಗರಕ್ಕಲ್ಲ, ಹಟ್ಟಿ ತಾಂಡಾಗಳಿಗೆ.

ಶುದ್ಧೀಕರಣ ಘಟಕವಿದ್ದರೂ ನಿಶ್ಚಿಂತೆಯಿಲ್ಲ ಎನ್ನುವುದಕ್ಕೆ ಹೊರದೇಶದ ಎರಡು ಪ್ರಸಂಗಗಳು ಸಾಕು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾಕ್ಕೆ ಕಾಟರ್ ನದಿಯ ಕಾಡಿನಿಂದ ಬರುತ್ತಿದ್ದ ನೀರು ಅತ್ಯಲ್ಪ ಸಂಸ್ಕರಣೆಯಿಂದಲೇ ಕುಡಿಯಲು ಯೋಗ್ಯವಾಗಿತ್ತು. 2003ರ ಜನವರಿಯಲ್ಲಿ ಆ ಕಾಡು ಸುಟ್ಟಿತು. ಅನಂತರದ ಮಳೆಗೆ ಜಲಾಶಯಗಳಲ್ಲಿ ಹಿಂದೆಂದೂ ಕಾಣದ ರಾಡಿ ತುಂಬಿತು. ಹೊಸ ಶುದ್ಧೀಕರಣ ಘಟಕವನ್ನೇ ಕಟ್ಟಬೇಕಾಯಿತು. ಅಮೆರಿಕದ ಡೆನ್ವರ್ ನಗರದ ಜಲಾನಯನದಲ್ಲಿ 1996ರಲ್ಲಿ ಮತ್ತು 2002ರಲ್ಲಿ ದೊಡ್ಡ ಬೆಂಕಿಗಳಾದವು. ಜಲಾಶಯಕ್ಕೆ ಬಂದ ಹೂಳು, ಕರಿಗಳನ್ನು ತೆಗೆಯಲೂ ಬೆಟ್ಟವನ್ನು ಸರಿಪಡಿಸಲೂ ಅಲ್ಲಿನ ನೀರು ಸರಬರಾಜು ಸಂಸ್ಥೆ 2.7 ಕೋಟಿ ಡಾಲರಿಗೂ ಹೆಚ್ಚು ವ್ಯಯಿಸಿತು. ಆಮೇಲೆ ಅದು ಕೈಗೊಂಡ ಕ್ರಮವನ್ನು ನಾವು ವಿಶೇಷವಾಗಿ ಗಮನಿಸಬೇಕು. 2010ರಲ್ಲಿ ಅರಣ್ಯ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು, ನೀರಿನ ಬಿಲ್ಲಿನಿಂದ ಬಂದ ಹಣವನ್ನೇ ಕಾಡಿನ ಬೆಂಕಿ ತಡೆಯುವ ಕೆಲಸಕ್ಕೆ ಹಾಕತೊಡಗಿತು. ಹೂಳೆತ್ತುವುದಕ್ಕಿಂತ ಬೆಂಕಿ ತಡೆಯುವುದು ಅಗ್ಗವೆಂದು ಲೆಕ್ಕಪತ್ರವೇ ಅವರಿಗೆ ಹೇಳಿತು.

ಇನ್ನು ಬೆಂಕಿ ಹಚ್ಚುವವರು ಯಾರು? ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ, ಬಹುಪಾಲು ಮನುಷ್ಯರ ಕೈಯಿಂದಲೇ ಬರುತ್ತದೆ. ಸುದ್ದಿಯಲ್ಲಿ ಬರುವ “ಕಿಡಿಗೇಡಿಗಳ ಕೃತ್ಯ” ಎಂಬ ಮಾತು ನಮಗೆ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಅದು ವಿಚಾರವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಒಣಗಿದ ಬಾದೆ ಹುಲ್ಲನ್ನು ಕುರಿ ಮುಟ್ಟುವುದಿಲ್ಲ. ಸುಟ್ಟರೆ ಒಂದು ಮಳೆಗೆ ಎಳೆಯ ಚಿಗುರು ಬರುತ್ತದೆ. ಬೇಸಿಗೆಯಲ್ಲಿ ಹಿಂಡನ್ನು ಬದುಕಿಸಬೇಕಾದ ಕುರಿಗಾಹಿಯ ಕಣ್ಣಿಗೆ ಅದು ಅಪರಾಧವಾಗಿ ಕಾಣದು, ಮೇವಿನ ದಾರಿಯಾಗಿ ಕಾಣುತ್ತದೆ. ಜೇನು ಕೀಳುವವರ ಹೊಗೆ, ಸೀತಾಫಲದ ಕಾಡಿನಲ್ಲಿ ಓಡಾಡುವವರ ಬೀಡಿ, ಅದಿರು ಲಾರಿಗಳ ದಾರಿಯಲ್ಲಿ ಬಿಸುಟ ಬೆಂಕಿಕಡ್ಡಿ, ಗುಡ್ಡದಂಚಿನ ಹೊಲದಲ್ಲಿ ಬದು ಸುಡುವ ರೂಢಿ, ಎಲ್ಲಕ್ಕೂ ಪಾಲುಂಟು. ಮತ್ತು ಯಾತ್ರಿಕರಿಗೂ ಪಾಲುಂಟು. ಕುಮಾರಸ್ವಾಮಿ ಬೆಟ್ಟಕ್ಕೆ, ಹಂಪಿಯ ಗುಡ್ಡಗಳಿಗೆ ಹೋದವರು ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಒಲೆಗೆ ನೀರು ಹಾಕದೆ ಎದ್ದು ಬರುವುದನ್ನು ನಾವು ಭಕ್ತಿಯ ಹೆಸರಿನಲ್ಲಿ ಮನ್ನಿಸುತ್ತ ಬಂದಿದ್ದೇವೆ.

ಎಲ್ಲ ಬೆಂಕಿಯೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿಯೇ, ನೆಲದಲ್ಲಿ ತೇವವಿರುವಾಗ, ಹಗುರವಾದ “ತರಗು ಬೆಂಕಿ” ಇಡುತ್ತಿದ್ದರು. ಅದು ಹೆಚ್ಚು ಬಿಸಿಯಾಗದೆ ಹರಿದುಹೋಗುತ್ತಿತ್ತು, ಮುಂದಿನ ದೊಡ್ಡ ಬೆಂಕಿಗೆ ಉರುವಲು ಉಳಿಸುತ್ತಿರಲಿಲ್ಲ. ಆ ಪದ್ಧತಿ ನಿಂತ ಮೇಲೆ ಲಂಟಾನ ಬೆಳೆದು ಕಾಡು ಕೆಟ್ಟಿತೆಂದು ಅವರು ಹೇಳುತ್ತಾರೆ, ಸಂಶೋಧಕರಲ್ಲಿಯೂ ಆ ವಾದಕ್ಕೆ ಬೆಂಬಲವಿದೆ. ಸಂಡೂರಿಗೆ ಅದನ್ನು ಹಾಗೆಯೇ ತರಬೇಕೆಂದು ನಾವು ಹೇಳುತ್ತಿಲ್ಲ. ಕಾಡಿನೊಡನೆ ಬಾಳುವವರ ತಿಳಿವಳಿಕೆಯನ್ನು ಕೇಳದೆ ಬರಿಯ ದಂಡದಿಂದ ಬೆಂಕಿ ನಿಲ್ಲದು ಎಂಬುದಷ್ಟೇ ನಮ್ಮ ಮಾತು. ಕಾನೂನು ಈಗಾಗಲೇ ಸಾಕಷ್ಟಿದೆ. ದರೋಜಿಯ ಕರಡಿಧಾಮದಂಥ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಆದರೂ ಬಿಲಿಕಲ್ಲು ಅರಣ್ಯದ ಹುಲ್ಲು ಬೇಸಿಗೆಯಲ್ಲಿ ಕಾಯ್ದೆಯ ಪುಸ್ತಕ ಓದಿ ನಿಲ್ಲುವುದಿಲ್ಲ.

ಹಾಗಾದರೆ ಕುರಿಗಾಹಿಗೆ ಬೆಂಕಿಗಿಂತ ಒಳ್ಳೆಯ ದಾರಿ ಕಾಣಿಸಬೇಕು. ನವೆಂಬರ್, ಡಿಸೆಂಬರಿನಲ್ಲಿ ಹುಲ್ಲು ಪೂರ್ತಿ ಒಣಗುವ ಮೊದಲು ಕೊಯ್ದು ಹೊತ್ತೊಯ್ಯಲು ಗ್ರಾಮ ಅರಣ್ಯ ಸಮಿತಿಗಳ ಮೂಲಕ ಅನುಮತಿ ಕೊಟ್ಟರೆ ಮೇವೂ ಸಿಗುತ್ತದೆ, ಉರುವಲೂ ತಗ್ಗುತ್ತದೆ. ಬೆಂಕಿರೇಖೆಗಳನ್ನು ಜನವರಿಯೊಳಗೆ ಮುಗಿಸಬೇಕು. ಫೆಬ್ರವರಿಯ ಕೊನೆಯಲ್ಲಿ ಬಿಲ್ಲು ಮಂಜೂರಾಗಿ ಮಾರ್ಚಿನಲ್ಲಿ ಸವರಿದ ರೇಖೆ ಕಡತಕ್ಕೆ ಮಾತ್ರ ಉಪಯೋಗ. ರೇಖೆಗಳನ್ನು ಎಲ್ಲಿ ತೆಗೆಯಬೇಕೆಂಬುದನ್ನು ನೀರಿನ ನಕ್ಷೆ ನೋಡಿ ನಿರ್ಧರಿಸಬೇಕು. ನಾರಿಹಳ್ಳಕ್ಕೆ ಇಳಿಯುವ ಕಡಿದಾದ ಇಳುಕಲುಗಳು, ತ್ಯಾಜ್ಯರಾಶಿಗಳ ಅಂಚು, ಕೆರೆಗಳ ನೆತ್ತಿಯ ಗುಡ್ಡಗಳು ಮೊದಲು, ಉಳಿದವು ಆಮೇಲೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳಿಂದ ಬೆಂಕಿ ಗುರುತಿಸಿ ಮೊಬೈಲಿಗೆ ಸಂದೇಶ ಕಳಿಸುತ್ತದೆ, ಸಾರ್ವಜನಿಕರೂ ಅದಕ್ಕೆ ಹೆಸರು ನೋಂದಾಯಿಸಬಹುದು. ಆದರೆ ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಗಾಳಿ ಬೀಸಿದರೆ ಆ ನಡುವಣ ಗಂಟೆಗಳಲ್ಲಿ ಒಂದು ಗುಡ್ಡ ಉರಿದುಹೋಗುತ್ತದೆ. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡುವ ಊರವರ ಕಣ್ಣಿಗೆ ಸಮನಾದ ಯಂತ್ರವಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ನಾಚಿಕೊಳ್ಳಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ತರುವಾಯ, ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸಂಗ್ರಹವಾದ ನಿಧಿಯಿಂದ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಸಮಗ್ರ ಯೋಜನೆಗೆ 2022ರಲ್ಲಿ ಒಪ್ಪಿಗೆ ದೊರೆಯಿತು. ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅದನ್ನು ನಿರ್ವಹಿಸುತ್ತದೆ. ಅದರಲ್ಲಿ ಪರಿಸರಕ್ಕೂ ಪಾಲಿದೆ, ಕುಡಿಯುವ ನೀರಿಗೂ ಪಾಲಿದೆ. ಇವೆರಡು ಬೇರೆ ಬೇರೆ ಶೀರ್ಷಿಕೆಗಳಾಗಿ ಬೇರೆ ಬೇರೆ ಕಚೇರಿಗಳಿಗೆ ಹೋಗುವುದೇ ತೊಡಕು. ನೀರಿನ ಪೈಪಿಗೆ ಕೋಟಿಗಳು, ಆ ನೀರು ಹುಟ್ಟುವ ಬೆಟ್ಟದ ಬೆಂಕಿ ಕಾವಲುಗಾರನಿಗೆ ಬೇಸಿಗೆಯ ಮೂರು ತಿಂಗಳ ದಿನಗೂಲಿ! ನಾರಿಹಳ್ಳದ ಜಲಾನಯನವನ್ನು ಒಂದೇ ಘಟಕವೆಂದು ಪರಿಗಣಿಸಿ, ಎರಡೂ ಜಿಲ್ಲೆಗಳ ಅರಣ್ಯ ಮತ್ತು ನೀರು ಸರಬರಾಜು ಅಧಿಕಾರಿಗಳು ಜನವರಿಯಲ್ಲಿ ಒಂದೇ ಮೇಜಿನ ಸುತ್ತ ಕೂರುವ ವ್ಯವಸ್ಥೆ ಆಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು.

ಎಷ್ಟು ಎಚ್ಚರ ವಹಿಸಿದರೂ ಕೆಲವು ಗುಡ್ಡಗಳು ಸುಡುತ್ತವೆ. ಸುಟ್ಟ ದಿನದಿಂದ ಮೊದಲ ಮಳೆಯವರೆಗಿನ ಅವಧಿಯೇ ನೀರನ್ನು ಉಳಿಸಿಕೊಳ್ಳುವ ಅವಕಾಶ. ಕೊರಕಲುಗಳಿಗೆ ಕಲ್ಲಿನ ತಡೆ, ಇಳುಕಲಿಗೆ ಅಡ್ಡಲಾಗಿ ಕಟ್ಟಿಗೆಯ ಒಡ್ಡು, ತೀರ ಬೋಳಾದ ಕಡೆ ಒಣಹುಲ್ಲಿನ ಹೊದಿಕೆ. ಹುಲ್ಲಿನ ಹೊದಿಕೆಯ ಮಾತು ಬಂದಾಗ ನಮಗೆ ಕಂಪ್ಲಿಯ ನೆನಪಾಗುತ್ತದೆ. ಅಲ್ಲಿನ ಗದ್ದೆಗಳಲ್ಲಿ ಯಂತ್ರದಿಂದ ಭತ್ತ ಕೊಯ್ದ ಮೇಲೆ ಉಳಿದ ಹುಲ್ಲಿಗೂ ಕಬ್ಬಿನ ರವದಿಗೂ ಬೆಂಕಿ ಇಡುತ್ತಾರೆ. ಅತ್ತ ಬೆಟ್ಟದಲ್ಲಿ ನೆಲ ಮುಚ್ಚಲು ಹುಲ್ಲಿಲ್ಲ, ಇತ್ತ ಬಯಲಿನಲ್ಲಿ ಹುಲ್ಲು ಸುಡಲು ಪೈಪೋಟಿ. ಬೆಂಕಿಯಾದ ಬೆಟ್ಟಗಳಿಗೆ ಹುಲ್ಲು ಹಾಸುವುದು ಹೊರದೇಶಗಳಲ್ಲಿ ರೂಢಿಯಾದ ಕ್ರಮ. ಬೆಟ್ಟಕ್ಕೆಲ್ಲ ಹಾಸುವುದು ಆಗದ ಮಾತು, ಕುಡಿಯುವ ನೀರಿನ ನೆತ್ತಿಯ ಕೆಲವು ಎಕರೆಗಳಿಗಾದರೆ ನಾಲ್ಕು ಟ್ರ್ಯಾಕ್ಟರ್ ಹುಲ್ಲಿನಿಂದ ಪ್ರಯೋಗ ಆರಂಭಿಸಬಹುದು. ಭತ್ತದ ರೈತರಲ್ಲಿ ನಮ್ಮ ಭಕ್ತರೇ ಬಹುಮಂದಿ ಇದ್ದಾರೆ.

ನೀರಿನ ಪರೀಕ್ಷೆಯ ಕುರಿತು ತಾಯಂದಿರಿಗೆ ಒಂದು ಮಾತು. ಜಲಜೀವನ ಯೋಜನೆಯಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಬೆಟ್ಟ ಸುಟ್ಟ ವರ್ಷ ಮೊದಲ ಎರಡು ಮೂರು ದೊಡ್ಡ ಮಳೆಗಳ ಮರುದಿನ ಆ ಕಿಟ್ ಹೊರಗೆ ಬರಲೇಬೇಕು. ಅದರಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸ್ ಪರೀಕ್ಷೆ ಇರುವುದಿಲ್ಲ, ಅದಕ್ಕಾಗಿ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸುವಂತೆ ಪಂಚಾಯಿತಿಯನ್ನು ಒತ್ತಾಯಿಸಬೇಕು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ಮೊದಲ ಮಳೆಯ ರಾಡಿಯನ್ನು ಮನೆಯ ತೊಟ್ಟಿಗೆ ತುಂಬಿಕೊಳ್ಳದೆ ಬಿಟ್ಟುಬಿಡುವುದೇ ಸುರಕ್ಷಿತ. ಸಾಧ್ಯವಿರುವೆಡೆ ನಲ್ಲಿಯ ಮೂಲವನ್ನು ಕೆಲವು ದಿನ ಕೊಳವೆಬಾವಿಗೆ ಬದಲಿಸಬಹುದು.

ಮಠಗಳಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಗದಗದ ಕಡೆ ತೋರಿಸಬಹುದು. ಕಪ್ಪತಗುಡ್ಡವನ್ನು ಉಳಿಸುವ ಹೋರಾಟಕ್ಕೆ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಮುಂದಾಳಾಗಿದ್ದರು. ಗುಡ್ಡದ ಮಡಿಲಿನ ನಂದಿವೇರಿ ಮಠ ಇಂದಿಗೂ ಆ ಕಾಳಜಿಯನ್ನು ಮುಂದುವರಿಸಿದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅದಕ್ಕೂ ಎಂಟುನೂರು ವರ್ಷಗಳ ಹಿಂದೆ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ಶಿವಯೋಗಿಗಳು ನೀರಿನ ಕೆಲಸವನ್ನೇ ಕಾಯಕವೆಂದರು.

ಈ ಚೈತ್ರದಲ್ಲಿ ಹಂಪಿಯ ಜೋಡಿ ರಥೋತ್ಸವಕ್ಕೆ ಬರುವ ಭಕ್ತರು, ಪಾದಯಾತ್ರೆಯ ದಾರಿಯ ದಾಸೋಹದವರು ಒಲೆ ಹೂಡುವ ಜಾಗದ ಸುತ್ತ ಹತ್ತು ಹೆಜ್ಜೆ ಹುಲ್ಲು ಸವರಬೇಕು, ಪಕ್ಕದಲ್ಲಿ ಎರಡು ಕೊಡ ನೀರು ಇಟ್ಟುಕೊಳ್ಳಬೇಕು, ಏಳುವ ಮೊದಲು ಒಲೆಯ ಬೂದಿಗೆ ನೀರು ಸುರಿದು ಕೈಯಿಟ್ಟು ತಣ್ಣಗಾಗಿದೆಯೆಂದು ನೋಡಬೇಕು. ಗುಡ್ಡಗಳ ಬಳಿ ಪಟಾಕಿ ಬೇಡ. ಬೆಟ್ಟದ ಗುಡಿಗಳ ದಾರಿಯಲ್ಲಿ ಬೇಸಿಗೆ ಮುಗಿಯುವವರೆಗೆ ಸರದಿಯಂತೆ ಕಾವಲು ನಿಲ್ಲಲು ಒಪ್ಪುವ ಯುವಕರು ತಮ್ಮ ಊರಿನ ಮಠದಲ್ಲಿ ಹೆಸರು ಬರೆಸಲಿ. ಪಟ್ಟಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಲುಪಿಸಿದರೆ ಬೆಂಕಿ ಆರಿಸುವ ತರಬೇತಿ ಕೊಡಿಸುವಂತೆ ಕೇಳಲು ಅನುಕೂಲವಾಗುತ್ತದೆ. ತರಬೇತಿಯಿಲ್ಲದೆ ಯಾರೂ ಉರಿಯುವ ಇಳುಕಲನ್ನು ಹತ್ತಕೂಡದು, ಹುಲ್ಲುಬೆಂಕಿ ಏರುಮುಖವಾಗಿ ಓಡುವ ವೇಗಕ್ಕೆ ಮನುಷ್ಯನ ಕಾಲು ಸಾಲದು.